ಕರಾಚಿ ಎಷ್ಟು ದೂರ

ಕಂತು ಒಂಬತ್ತು

"ತಂಗೀ, ಅಮರಪ್ಪನ ಕಿವಿ ಈಗೂ ಸೋರತೈತೇನು?"

ನೀಲಾಬಾಯಿಯ ಕೈ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ, ಮೊರದ ತುಂಬ ಜವಾರಿ ಹತ್ತಿ ಹರವಿಕೊಂಡು ಕೂತಿದ್ದಳು. ಗಂಡ ಮಲಕಾಜಪ್ಪನನ್ನು ಅವನದೇ ದ್ರಾಕ್ಷಿ ತೋಟದ ಗುಡಿಸಲಿನಲ್ಲಿ, ಅವನು ಹೊದ್ದ ಕಂಬಳಿಯಿಂದಲೇ ಯಾರೋ ಉಸಿರುಗಟ್ಟಿಸಿ ಕೊಂದು ತಿಂಗಳಾಗಿತ್ತು. ಅಂದಿನಿಂದ ಆಕೆಗೆ ಇದೇ ಕೆಲಸ. ತಿಕೋಟಾದ ಯಾವ ಗುಡಿಯಲ್ಲಿ ನೋಡಿದರೂ ನೀಲಾಬಾಯಿ ಹೊಸೆದ ಬತ್ತಿಯೇ ಉರಿಯುತ್ತಿತ್ತು.

ಕೇಳಿದವನು ಶಿವಯೋಗೆಪ್ಪ. ಪಿಂಚಣಿ ಪಡೆದ ಫೌಜದಾರ. ವಿಜಾಪುರದ ಜೋರಾಪುರ ಪೇಟೆಯಲ್ಲಿ ಮನೆ, ಹುಟ್ಟೂರು ಬಬಲೇಶ್ವರ. ನೀಲಾಬಾಯಿಯ ತವರೂ ಅದೇ. ಒಡಹುಟ್ಟಿದವರಿಲ್ಲದ ಆಕೆಯನ್ನು ವರ್ಷವರ್ಷ ಪಂಚಮಿಗೆ ಕರೆದೊಯ್ಯಲು ಬರುತ್ತಿದ್ದವನು ಇವನೇ. ಮಕ್ಕಳಿಲ್ಲದ ಮನುಷ್ಯ. ಆಕೆಯ ಒಬ್ಬನೇ ಮಗ ಅಮರಪ್ಪನನ್ನು ಹೆಗಲ ಮೇಲೆ ಕೂಡಿಸಿಕೊಂಡು ವಿಜಾಪುರದ ದವಾಖಾನೆಗೆ ಕಿವಿ ತೋರಿಸಲು ಎಷ್ಟು ಸಲ ಹೋಗಿದ್ದನೋ ಲೆಕ್ಕವಿರಲಿಲ್ಲ.

ಎಂಥೆಂಥ ಕಳ್ಳರಿಗೆ ಎದುರು ಕೂತು ಪ್ರಶ್ನೆ ಕೇಳಿದ ಬಾಯಿ ಅದು. ಈ ಹೊತ್ತು ಕೇಳಬೇಕಾದದ್ದನ್ನು ಬಿಟ್ಟು ಕಿವಿಯ ಕ್ಷೇಮ ಕೇಳಿತ್ತು.

"ಕಿವಿ ಎಲ್ಲಿ ನೆಟ್ಟಗಾಕೈತಿ ಅಣ್ಣಾ," ಎಂದಳು ನೀಲಾಬಾಯಿ, ತಲೆ ಎತ್ತದೆ. "ಥಂಡಿ ಬಡದ್ರ ಸಾಕು, ನೋವು ಸುರು. ಯಾಕ ಕೇಳಾಕತ್ತಿ?"

ಶಿವಯೋಗೆಪ್ಪ ಹೊರಗೆ ನೋಡಿದ. ತೆರೆದ ಬಾಗಿಲಿನಿಂದ ಅಂಗಳದ ಬೇವಿನ ಕಟ್ಟೆ ಕಾಣುತ್ತಿತ್ತು. ಕಟ್ಟೆಯ ಮೇಲೆ ಮದೀನಾಬಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಮೂವತ್ತು ವರ್ಷ ಈ ಮನೆಯಲ್ಲಿ ಹಿಟ್ಟು ಬೀಸಿ, ಕಾಳು ಹಸನು ಮಾಡಿದ ಹೆಂಗಸು. ಆದರೆ ಅವಳ ಗಂಡ, ತೋಟ ಕಾಯುತ್ತಿದ್ದ ಹಸನಸಾಬನನ್ನು ಧಣಿಯ ಕೊಲೆಗಾರನೆಂದು ಹಿಡಿದುಕೊಂಡು ಹೋದ ದಿನದಿಂದ ಹೊಸ್ತಿಲು ದಾಟಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಬಾ ಎಂದೂ ಯಾರೂ ಅಂದಿರಲಿಲ್ಲ.

ಸೋಮವಾರ ವಿಜಾಪುರದ ಕೋರ್ಟಿನಲ್ಲಿ ತೀರ್ಪು. ಹಸನಸಾಬನಿಗೆ ಗಲ್ಲು ತಪ್ಪುವುದಿಲ್ಲವೆಂದು ವಕೀಲರೇ ಕೈಚೆಲ್ಲಿದ್ದರು. ಅವನ ಮೇಲಿದ್ದ ಪುರಾವೆ ಒಂದೇ, ಅದೂ ಬೆರಳ ತುದಿಯಷ್ಟು. ಸತ್ತವನ ಹಾಸಿಗೆಯ ಬದಿಗೆ ಬಿದ್ದಿದ್ದ ಹತ್ತಿಯ ಉಂಡೆ.

ಹಸನಸಾಬನಿಗೆ ಅತ್ತರಿನ ಹುಚ್ಚು ಎಂಬುದು ಊರಿಗೇ ಗೊತ್ತು. ಮೈಮೇಲೆ ಹರಕು ಅಂಗಿ ಇದ್ದರೂ ಕಿವಿಯ ಸಂದಿನಲ್ಲಿ ಅತ್ತರು ಅದ್ದಿದ ಹತ್ತಿ ಇರಲೇಬೇಕು. ಸಿದ್ಧೇಶ್ವರ ಗುಡಿಯ ಹಿಂದಿನ ಅಂಗಡಿಯಿಂದ ತರುತ್ತಿದ್ದ. ಬಳ್ಳಿಗೆ ನೀರು ಬಿಡುವಾಗಲೂ, ಕವಣೆ ಬೀಸಿ ಹಕ್ಕಿ ಓಡಿಸುವಾಗಲೂ ಘಮಘಮ. ಹೊಸ ಫೌಜದಾರ ಹತ್ತಿ ಕಂಡದ್ದೇ ತಡ, ಇನ್ನು ಹುಡುಕುವುದೇನಿದೆ ಎಂದು ಮೀಸೆ ತಿರುವಿದ. ಪಂಚರೆಲ್ಲ ಹೌದೌದು ಎಂದು ಹೆಬ್ಬೆಟ್ಟು ಒತ್ತಿದರು. ಆ ಸೀಮೆಯಲ್ಲಿ ಕಿವಿಯ ಹತ್ತಿ ಎಂದರೆ ಅತ್ತರು, ಅತ್ತರು ಎಂದರೆ ಹಸನಸಾಬ. ಬೇರೆ ಯೋಚನೆ ಯಾರಿಗೂ ಬರುವ ಹಾಗಿರಲಿಲ್ಲ. ಅಂದು ರಾತ್ರಿ ಹೆಂಡತಿಗೆ ಜ್ವರ, ನಾನು ತೋಟದಲ್ಲಿ ಇರಲೇ ಇಲ್ಲ ಎಂದು ಹಸನಸಾಬ ಗೋಗರೆದದ್ದಕ್ಕೆ ಮದೀನಾಬಿಯ ಹೊರತು ಸಾಕ್ಷಿ ಇರಲಿಲ್ಲ.

ಆ ಹತ್ತಿಗೆ ವಾಸನೆ ಇಲ್ಲವೆಂದು ಮೊದಲು ಹೇಳಿದವನು ಶಿವಯೋಗೆಪ್ಪ. ನಶ್ಯ ಏರಿಸಿ ಏರಿಸಿ ಸತ್ತುಹೋದ ಮೂಗಿಗೆ ಏನು ವಾಸನೆ ತಿಳಿದೀತು ಎಂದು ಹೊಸ ಫೌಜದಾರ ಠಾಣೆಯಲ್ಲಿ ನಗೆಯಾಡಿದ್ದ. ಶಿವಯೋಗೆಪ್ಪ ಸಿಟ್ಟಾಗಿ ನಶ್ಯದ ಡಬ್ಬಿಯನ್ನೇ ಬಾವಿಗೆ ಎಸೆದು, ನಾಲ್ಕು ದಿನ ಸೀನಿ ಸೀನಿ ಸುಸ್ತಾಗಿ, ಮತ್ತೆ ಹೋಗಿ ಮೂಸಿದ್ದ. ಆಗಲೂ ಇಲ್ಲ. ಹಸನಸಾಬನ ಹಳೆಯ ಅಂಗಿಯ ಮೂಲೆಯಲ್ಲಿ ಇನ್ನೂ ಅತ್ತರು ಘಮ್ಮೆನ್ನುತ್ತಿರುವಾಗ, ಈ ಹತ್ತಿ ಮಾತ್ರ ಹೇಗೆ ಬರಿದಾದೀತು? ಮೇಲಾಗಿ ಇದು ಊರಿನ ಹತ್ತಿಯೂ ಅಲ್ಲ. ಹಾಲಿನಷ್ಟು ಬಿಳಿ, ಕಸಕಡ್ಡಿ ಇಲ್ಲದ ದವಾಖಾನೆಯ ಹತ್ತಿ.

ಹಿಂದೆ ತನ್ನ ಕೈಕೆಳಗಿದ್ದ ಅಲ್ಲಾಉದ್ದೀನ ಜಮಾದಾರನನ್ನು ಕಾಡಿ ಬೇಡಿ, ಸೋಮವಾರದೊಳಗೆ ತಂದುಕೊಡುವ ಮಾತಿನ ಮೇಲೆ ಅದನ್ನು ಇಸಿದುಕೊಂಡು ಬಂದಿದ್ದ. ಈಗ ಅದು ಅವನ ಕೋಟಿನ ಒಳಕಿಸೆಯಲ್ಲಿ, ಕಾಗದದ ಪೊಟ್ಟಣದಲ್ಲಿತ್ತು. ಹೊರಗೆ ತೆಗೆಯಲು ಧೈರ್ಯ ಸಾಲುತ್ತಿರಲಿಲ್ಲ.

"ಮುಂಬೈಕ ಹೋಗಿದ್ದೆಂತಲ್ಲ," ಎಂದಳು ನೀಲಾಬಾಯಿ. "ಈ ವಯಸ್ಸಿನ್ಯಾಗ ಅಷ್ಟ ದೂರ ಯಾಕ ಹೋಗಬೇಕು ಅಂತೀನಿ."

ದೂರ. ಈ ಒಂದು ಮಾತೇ ತಿಂಗಳಿನಿಂದ ಆ ಮನೆಯನ್ನು ಎತ್ತಿ ಹಿಡಿದಿತ್ತು.

ಮಲಕಾಜಪ್ಪನ ಹೆಣ ಪಡಸಾಲೆಯಲ್ಲಿ ಕೂತಿದ್ದಾಗ, ಮಗ ಬರಲಿ, ಮಣ್ಣು ಕೊಡಲಿ ಎಂದು ಬೀಗರು ಹಟ ಹಿಡಿದಿದ್ದರು. ಕರಾಚಿಯಲ್ಲಿ ಒಣಹಣ್ಣಿನ ದಲಾಲಿ ಅಂಗಡಿ ಇಟ್ಟಿದ್ದ ಅಮರಪ್ಪ ಮಣ್ಣಿಗೆ ಹೇಗೆ ಬಂದಾನು? ಹಡಗು ಹತ್ತಿದರೂ, ಮರಳುಗಾಡು ಸುತ್ತಿ ರೈಲಿನಲ್ಲಿ ಬಂದರೂ, ಇಲ್ಲಿ ಮುಟ್ಟುವುದರೊಳಗೆ ಮೂರು ನಾಲ್ಕು ದಿನ. ಕರಾಚಿ ದೂರ, ಕಾಯುವುದು ಬೇಡ ಎಂದು ಹೇಳಿ ಹೆಣ ಎತ್ತಿಸಿದವನು ಶಿವಯೋಗೆಪ್ಪನೇ. ಅಂದಿನಿಂದ ಸಮಾಧಾನ ಹೇಳಲು ಬಂದವರೆಲ್ಲ ಅದನ್ನೇ ಹಿಡಿದರು. ಪಾಪ, ಹುಡುಗ ಏನು ಮಾಡಿಯಾನು, ಕರಾಚಿ ದೂರ.

ಅಮರಪ್ಪನ ಮೇಲೆ ಯಾರಿಗೂ ಸಂಶಯ ಬಾರದಿದ್ದುದಕ್ಕೂ ಈ ದೂರವೇ ಕಾರಣ. ಆರು ವರ್ಷದ ಹಿಂದೆ ಅಪ್ಪ ಮಗನ ನಡುವೆ ಮಾತು ಮುರಿದದ್ದು ಎಲ್ಲರಿಗೂ ಗೊತ್ತಿತ್ತು. ತೋಟ ಮಾರಿ ಕರಾಚಿಯಲ್ಲಿ ಅಂಗಡಿ ಹಾಕೋಣ ಎಂದು ಮಗ ಅಂದರೆ, ನಿನ್ನ ಕೈಯ ಮಣ್ಣು ಸಹ ನನಗೆ ಬೇಡ ಎಂದು ಅಪ್ಪ ಆಣೆ ಮಾಡಿದ್ದ. ಆದರೂ ಕೊಲೆ ಮಂಗಳವಾರ ರಾತ್ರಿ ಆಗಿತ್ತು. ಸೋಮವಾರ ಮುಂಜಾನೆ ಕರಾಚಿಯ ಹತ್ತು ಜನ ವ್ಯಾಪಾರಿಗಳ ನಡುವೆ ಇದ್ದವನು, ಗುರುವಾರ ಮತ್ತೆ ಅದೇ ಅಂಗಡಿಯಲ್ಲಿ ಅಪ್ಪನ ಸಾವಿನ ತಾರು ಇಸಿದುಕೊಂಡು ಅತ್ತವನು, ನಡುವೆ ತಿಕೋಟಾಕ್ಕೆ ಬಂದು ಹೋದನೆಂದರೆ ಹುಚ್ಚನೂ ನಂಬುತ್ತಿರಲಿಲ್ಲ.

ಶಿವಯೋಗೆಪ್ಪನೂ ನಂಬಿರಲಿಲ್ಲ. ಮುಂಬೈಯ ಹಡಗಿನ ಕಚೇರಿಗೆ ಹೋದದ್ದು ಅಮರಪ್ಪನ ಹೆಸರನ್ನು ಮನಸ್ಸಿನಿಂದ ಅಳಿಸಿಹಾಕಲಿಕ್ಕೆ. ಅಲ್ಲಿದ್ದ ಗುಮಾಸ್ತ ಇವನ ರುಮಾಲು, ಧೋತರ ನೋಡಿ ನಕ್ಕುಬಿಟ್ಟ. ಅವಸರ ಇದ್ದವರು ಈಗ ಹಡಗು ಯಾಕೆ ಹತ್ತುತ್ತಾರೆ ಕಾಕಾ, ವಿಮಾನ ಇಲ್ಲವೇ ಎಂದ. ಕರಾಚಿಯಿಂದ ಮುಂಬೈಗೆ ಆಕಾಶದಲ್ಲಿ ಐನೂರೈವತ್ತು ಮೈಲಿ. ಮುಂಜಾನೆಯ ಫಳಾರ ಅಲ್ಲಿ, ಮಧ್ಯಾಹ್ನದ ಊಟ ಇಲ್ಲಿ.

ಯುದ್ಧದ ಕಾಲದಲ್ಲಿ ವಿಜಾಪುರದವರೂ ವಿಮಾನ ಕಂಡಿದ್ದರು, ತಲೆ ಎತ್ತಿ, ಹಣೆಗೆ ಕೈ ಹಚ್ಚಿ. ಅದರೊಳಗೆ ತಮ್ಮ ಪೈಕಿ ಯಾರಾದರೂ ಕೂತಾರು ಎಂದು ಮಾತ್ರ ಯಾರ ತಲೆಗೂ ಹೋಗಿರಲಿಲ್ಲ. ದೂರ ಎಂದರೆ ಚಕ್ಕಡಿ, ಮೋಟಾರು, ರೈಲು, ಹಡಗು. ಶಿವಯೋಗೆಪ್ಪನೂ ಆ ಮಂದಿಯ ಪೈಕಿಯವನೇ.

ಮರುದಿನ ಜುಹು ಮೈದಾನಕ್ಕೆ ಹೋಗಿ ಬೇಲಿ ಹಿಡಿದು ನಿಂತ. ಕರಾಚಿಯ ವಿಮಾನ ಎದೆ ನಡುಗುವಂತೆ ಸದ್ದು ಮಾಡುತ್ತ ಇಳಿಯಿತು. ಬಾಗಿಲು ತೆರೆದು ಒಬ್ಬೊಬ್ಬರೇ ಇಳಿದರು. ಇಳಿದವರೆಲ್ಲ ಮೊದಲು ಮಾಡಿದ ಕೆಲಸ ಒಂದೇ. ಕಿವಿಗೆ ಕೈ ಹಾಕಿ, ಬೆಳ್ಳಗಿನ ಹತ್ತಿಯ ಉಂಡೆ ಕಿತ್ತು, ಹುಲ್ಲಿನ ಮೇಲೆ ಎಸೆದು ನಡೆದರು.

ಒಬ್ಬ ಮಾತ್ರ ಎಸೆಯಲಿಲ್ಲ. ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು ಮುಖ ಹಿಂಡಿಕೊಂಡು ಹೋದ. ಬದಿಗೆ ನಿಂತಿದ್ದ ಕೂಲಿಯವನು, ಸದ್ದಿಗೆಂದು ಎಲ್ಲರಿಗೂ ಹತ್ತಿ ಕೊಡುತ್ತಾರೆ, ಕಿವಿ ನಾಜೂಕು ಇದ್ದವರಿಗೆ ಮೇಲೆ ಹೋದರೆ ಎರಡೆರಡು ದಿನ ನೋವು, ಅಂಥವರು ತೆಗೆಯುವುದೇ ಇಲ್ಲ ಎಂದು ವಿವರಿಸಿದ.

ಶಿವಯೋಗೆಪ್ಪ ಬೇಲಿ ಬಿಟ್ಟ. ಕಿವಿ ಒತ್ತಿಕೊಂಡು ಮುಖ ಹಿಂಡುವ ಒಂದು ಮುದ್ದು ಮುಖ ಅವನಿಗೆ ಗೊತ್ತಿತ್ತು. ಹೆಗಲ ಮೇಲೆ ಕೂತು, ತಲೆಗೂದಲು ಹಿಡಿದು, ಮಾಮಾ ನೋಯತೈತಿ ಎಂದು ದವಾಖಾನೆಯ ಹಾದಿಯುದ್ದಕ್ಕೂ ಅಳುತ್ತಿದ್ದ ಮುಖ.

ಮಧ್ಯಾಹ್ನ ಮುಂಬೈ. ರಾತ್ರಿಯ ರೈಲು. ಹೋಟಗಿಯಲ್ಲಿ ಗಾಡಿ ಬದಲಿಸಿ ಮಂಗಳವಾರ ಸಂಜೆಯೊಳಗೆ ವಿಜಾಪುರ. ಅಲ್ಲಿಂದ ತಿಕೋಟಾ ಎಷ್ಟರ ದೂರ? ಬರುವ ಹಾದಿಯಲ್ಲಿ ಮೊದಲು ಸಿಗುವುದೇ ಮಲಕಾಜಪ್ಪನ ತೋಟ. ಊರು ಆಮೇಲೆ. ಮರಳುವುದೂ ಅದೇ ಲೆಕ್ಕ, ಗುರುವಾರ ಮಧ್ಯಾಹ್ನಕ್ಕೆ ಕರಾಚಿ.

ಇಷ್ಟನ್ನೂ ಅವನು ನೀಲಾಬಾಯಿಗೆ ಹೇಳಿದ. ಹತ್ತಿಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ. ವಿಮಾನ ಹತ್ತಿದರೆ ಕರಾಚಿ ದೂರವಲ್ಲ ಎಂದ. ಮಗ ಮಣ್ಣಿಗೆ ಬರಬಹುದಿತ್ತು ಎಂದ. ಬಂದೇ ಇದ್ದಿರಬಹುದು ಎಂದೂ ಸೇರಿಸಿದ.

ಆಕೆ ಎದೆ ಬಡಿದುಕೊಂಡಾಳು ಎಂದುಕೊಂಡಿದ್ದ. ತನ್ನ ಮೇಲೆ ಹರಿಹಾಯ್ದಾಳು, ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ ಎಂದಾಳು, ಅದಕ್ಕೂ ತಯಾರಾಗಿ ಬಂದಿದ್ದ. ನೀಲಾಬಾಯಿ ಕೈಯಲ್ಲಿದ್ದ ಬತ್ತಿಯನ್ನು ಮೊರದಲ್ಲಿಟ್ಟು, ತಿಂಗಳಿನಲ್ಲಿ ಮೊದಲ ಸಲ ಸಣ್ಣಗೆ ನಕ್ಕಳು.

"ಅಂವ ಬಂದಿದ್ದು ನನಗ ಗೊತ್ತೈತಿ ಅಣ್ಣಾ. ಬಾಗಿಲಾ ತೆಗದಾಕಿ ನಾನಽ."

ಶಿವಯೋಗೆಪ್ಪನಿಗೆ ಆಗ ಹೊಳೆಯಿತು. ಮಲಕಾಜಪ್ಪನ ದಿವಸದ ಕಾರ್ಯಕ್ಕೆ ಅಮರಪ್ಪ, ತಡವಾದದ್ದಕ್ಕೆ ಹಡಗಿನ ಪ್ರಯಾಣದ ನೆಪ ಹೇಳಿಕೊಂಡು ಬಂದು ಸಮಾಧಿಯ ಮೇಲೆ ಬಿದ್ದು ಹೊರಳಾಡಿದಾಗ ಊರೆಲ್ಲ ಅತ್ತಿತ್ತು. ತಾಯಿ ಮಾತ್ರ ಬಾಗಿಲ ಮರೆಯಲ್ಲಿ ನಿಂತೇ ಇದ್ದಳು. ಆರು ವರ್ಷದ ಮೇಲೆ ಕಂಡ ಮಗನ ಗದ್ದ ಹಿಡಿಯಲಿಲ್ಲ, ಲಟಿಗೆ ಮುರಿದು ದೃಷ್ಟಿ ತೆಗೆಯಲಿಲ್ಲ. ದುಃಖಕ್ಕೆ ಕಲ್ಲಾಗಿದ್ದಾಳೆ ಎಂದು ಆಗ ಇವನು ತಿಳಿದಿದ್ದ. ಲಟಿಗೆ ಮುರಿದದ್ದು ಮೊದಲೇ, ಬಾಗಿಲು ತೆರೆದ ರಾತ್ರಿಯೇ, ಆಗಿತ್ತು.

ಆಕೆ ಈಗ ತಡೆಯದೆ ಹೇಳತೊಡಗಿದಳು. ತಿಂಗಳಿಡೀ ಒಬ್ಬಳೇ ನುಂಗಿಕೊಂಡದ್ದು ಒಮ್ಮೆಲೆ ಹೊರಬಂತು. ನಾನು ಕಣ್ಣು ಮುಚ್ಚುವ ಮೊದಲು ಒಂದು ಸಲ ಮುಖ ತೋರಿಸಿ ಹೋಗು ಎಂದು ದೀಪಾವಳಿಯಲ್ಲಿ ಯಾರ ಕೈಯಲ್ಲೋ ಹೇಳಿಕಳಿಸಿದ್ದಳಂತೆ. ಆ ಮಾತಿಗೆ ಬಂದನಂತೆ, ಆಕಾಶದಿಂದ ಬಂದನಂತೆ, ಬರಿಯ ಅವ್ವನ ಸಲುವಾಗಿ. ಅಪ್ಪ ಆಣೆ ಮಾಡಿದ್ದಾನೆ, ಬಂದದ್ದು ಯಾರಿಗೂ ತಿಳಿಯಬಾರದು, ಬೆಳಕು ಹರಿಯುವುದರೊಳಗೆ ಹೋಗುತ್ತೇನೆ ಎಂದನಂತೆ. ಆಕೆ ಬಿಸಿ ರೊಟ್ಟಿ ಬಡಿದು, ಪುಂಡಿ ಪಲ್ಯ ಹಚ್ಚಿ ಕೊಟ್ಟಳು. ಕಿವಿ ಬಿಗಿದಿದ್ದಕ್ಕೆ ಅವನು ಮಾತೆಲ್ಲ ಜೋರಾಗಿ ಆಡುತ್ತಿದ್ದ, ಮಂದಿ ಎದ್ದಾರು ಎಂದು ಆಕೆ ಬಾಯಿಗೆ ಕೈ ಅಡ್ಡ ಇಟ್ಟಳು. ಬೆಳ್ಳುಳ್ಳಿ ಎಣ್ಣೆ ಬೆಚ್ಚಗೆ ಮಾಡಿ ಹಾಕಿದಳು, ಚಿಕ್ಕವನಿದ್ದಾಗ ಹಾಕುತ್ತಿದ್ದಂತೆ. ತೊಡೆಯ ಮೇಲೆ ತಲೆ ಇಟ್ಟು ಮಲಗಿದ. ಕೋಳಿ ಕೂಗುವ ಮೊದಲೇ ಎದ್ದು ಹೋದ.

ಅವನು ಹೋದ ಮೇಲೆ ತೋಟದಿಂದ ಸುದ್ದಿ ಬಂತು.

"ಹೇಳಬೇಕಾಗಿತ್ತು, ನನಗ ತಿಳೀತೈತಿ," ಎಂದಳು. "ಆದ್ರ ಆ ಒಂದ ರಾತ್ರಿ ನಂದು ಅಣ್ಣಾ. ಅದನ್ನ ಠಾಣೇದಾಗ ಬರಸೂದು ನನ್ನ ಕೈಲೆ ಆಗಲಿಲ್ಲ. ಅಂವ ತೋಟದ ಕಡೆ ಹಣಿಕಿ ಸಹ ಹಾಕಿಲ್ಲ. ಸೀದಾ ನನ್ನ ಕಡೆ ಬಂದೀನಿ ಅಂದ."

ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗಿದ್ದುದನ್ನು ಅಂಗೈಯ ಮೇಲಿಟ್ಟು, ದೇವರ ಪ್ರಸಾದ ತೋರಿಸುವ ಹಾಗೆ ಮುಂದೆ ಹಿಡಿದಳು. ಬೆರಳ ತುದಿಯಷ್ಟು ಹತ್ತಿ, ಹಾಲಿನಷ್ಟು ಬಿಳಿ. ಎಣ್ಣೆ ಹಾಕುವಾಗ ಮಗನ ಕಿವಿಯಿಂದ ತಾನೇ ತೆಗೆದದ್ದು, ಒಗೆಯಲು ಮನಸ್ಸಾಗದೆ ಇಟ್ಟುಕೊಂಡೆ ಎಂದಳು. ಅವನು ಬಂದಿದ್ದ ಎಂಬುದಕ್ಕೆ ಅವಳ ಹತ್ತಿರ ಇದ್ದದ್ದು ಅದೊಂದೇ.

ಮುಂದಿನ ಪ್ರಶ್ನೆ ಯಾವುದೆಂದು ಶಿವಯೋಗೆಪ್ಪನಿಗೆ ಗೊತ್ತಿತ್ತು. ಅದನ್ನು ಕೇಳದೆ ಎದ್ದು ಹೋಗಿಬಿಟ್ಟರೆ ಈ ಹೆಂಗಸು ಸಾಯುವವರೆಗೂ ಆ ಗಂಟು ಕಟ್ಟಿಕೊಂಡು ಬದುಕುತ್ತಾಳೆ. ಹೊರಗೆ ಕಟ್ಟೆಯ ಮೇಲೆ ಮದೀನಾಬಿ ಕೆಮ್ಮಿದಳು. ಅವಳಿಗೆ ಆ ರಾತ್ರಿಯ ಜ್ವರ ಪೂರಾ ಬಿಟ್ಟೇ ಇರಲಿಲ್ಲ.

"ಎಣ್ಣಿ ಎರಡೂ ಕಿವಿಗೆ ಹಾಕಿದೇನು ತಂಗಿ?"

"ಎರಡಕ್ಕೂ ಹಾಕಿದೆ. ಎರಡೂ ನೋಯತಿದ್ದುವು."

"ಹತ್ತಿ ಎರಡೂ ಕಿವ್ಯಾಗ ಇತ್ತೇನು?"

"ಇದು ಬಲಗಿವ್ಯಾಗಿಂದು. ಎಡಗಿವ್ಯಾಗ ಇರಲಿಲ್ಲ. ಎಲ್ಲಿ ಹೋತೋ ಅಂತ ಅಂವಾನೂ ಕಿವಿ ಮುಟ್ಟಿ ಮುಟ್ಟಿ ನೋಡಿಕೊಂಡ…"

ನೀಲಾಬಾಯಿಯ ಮಾತು ಅಲ್ಲಿಗೇ ನಿಂತಿತು. ಹಾಸಿಗೆಯ ಬದಿಗೆ ಹತ್ತಿ ಸಿಕ್ಕಿತು ಎಂಬ ಸುದ್ದಿಯನ್ನು ಊರಿನವರ ಬಾಯಿಂದ ಆಕೆಯೂ ಕೇಳಿದ್ದಳು. ಅತ್ತರಿನ ಹತ್ತಿ ಎಂದೇ ಕೇಳಿದ್ದಳು. ಕಣ್ಣಾರೆ ಕಂಡಿರಲಿಲ್ಲ.

ಶಿವಯೋಗೆಪ್ಪ ಒಳಕಿಸೆಯಿಂದ ಪೊಟ್ಟಣ ತೆಗೆದು ಬಿಚ್ಚಿದ. ಮೊರದ ಅಂಚಿನಲ್ಲಿ, ಆಕೆಯ ಅಂಗೈಯ ಬದಿಗೇ ಅದನ್ನಿಟ್ಟ.

ಜೀವಮಾನವಿಡೀ ಹತ್ತಿ ಬಿಡಿಸಿದ ಕೈ ಅವಳದು. ಮೂಸಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ಎರಡನ್ನೂ ಎರಡು ಬೆರಳಿನಿಂದ ಒಮ್ಮೆ ಮುಟ್ಟಿದಳು, ಅಷ್ಟೇ.

ಆಕೆ ಅಳಲಿಲ್ಲ. ಅತ್ತಿದ್ದರೆ ಇವನಿಗೆ ಸಹಿಸುವುದು ಸುಲಭವಾಗುತ್ತಿತ್ತು. ಮಗ ತನಗಾಗಿ ಬಂದ ಎಂಬ ಒಂದೇ ಸಂಭ್ರಮದ ಮೇಲೆ ಆಕೆ ಗಂಡನ ಸಾವನ್ನು ತಡೆದುಕೊಂಡಿದ್ದಳು. ಅದನ್ನು ಕಸಿದವನು ಪಂಚಮಿಗೆ ಸೀರೆ ತರುವ ಅಣ್ಣ.

"ಬಂದಾಂವ ಮೊದಲ ಕೈ ತೊಳಕೊಂತೀನಿ ಅಂದ," ಎಂದಳು ಕೊನೆಗೆ, ತನಗೆ ತಾನೇ ಹೇಳಿಕೊಂಡಂತೆ. "ನೀರು ನಾನಽ ಹಾಕೀನಿ."

ಹೊತ್ತು ಮುಳುಗುತ್ತಿತ್ತು. ನೀಲಾಬಾಯಿ ಮೊರವನ್ನು ಸರಿಸಿದಳು. ಎರಡೂ ಉಂಡೆಗಳನ್ನು ಎತ್ತಿ, ಒಂದರೊಳಗೊಂದು ಸೇರಿಸಿ, ಅಂಗೈಗೆ ಒಂದಿಷ್ಟು ವಿಭೂತಿ ಹಚ್ಚಿಕೊಂಡು ಹೊಸೆಯತೊಡಗಿದಳು. ದಿನವೂ ಮಾಡುವ ಕೆಲಸ. ಎರಡು ಹತ್ತಿ ಒಂದೇ ಬತ್ತಿಯಾಯಿತು. ಇನ್ನು ಯಾವುದು ತೋಟದ್ದು, ಯಾವುದು ಸೆರಗಿನದು ಎಂದು ಹೆತ್ತವಳಿಗೂ ಹೇಳಲು ಬರುವಂತಿರಲಿಲ್ಲ.

ಶಿವಯೋಗೆಪ್ಪನಿಗೆ ಅರ್ಥವಾಗುವಷ್ಟರಲ್ಲಿ ಆಕೆ ಎದ್ದು ಗೋಡೆಯ ಮಾಡದ ಮುಂದೆ ನಿಂತಿದ್ದಳು. ಮಾಡದಲ್ಲಿ ಲಿಂಗ, ಅದರ ಬದಿಗೆ ಮಲಕಾಜಪ್ಪನ ರುಮಾಲು. ಹಣತೆಗೆ ಕುಸುಬಿ ಎಣ್ಣೆ ಸುರಿದಳು. ಬತ್ತಿಯನ್ನು ಅದ್ದಿ, ತುದಿ ಚೂಪು ಮಾಡಿ ಇಟ್ಟಳು. ಕಡ್ಡಿ ಗೀರಿದಳು. ಬತ್ತಿ ಹೊತ್ತಿದರೆ ಹಸನಸಾಬನನ್ನು ಉಳಿಸುವ ಪುರಾವೆಯೂ ಬೂದಿ.

ಇವನು ಎದ್ದು ನಿಂತ. ನಾಲ್ಕು ಹೆಜ್ಜೆ ಹಾಕಿದರೆ ಆಕೆಯ ಕೈ ಹಿಡಿಯಬಹುದಿತ್ತು. ಹಾಕಲಿಲ್ಲ. ಕೋರ್ಟು, ಅಲ್ಲಾಉದ್ದೀನನಿಗೆ ಕೊಟ್ಟ ಮಾತು, ಜೈಲಿನ ಕಂಬಿಯ ಹಿಂದೆ ಗಡ್ಡ ಬೆಳೆಸಿಕೊಂಡು ಕೂತ ಹಸನಸಾಬನ ಮುಖ, ಎಲ್ಲ ಕಣ್ಣೆದುರು ಬಂದವು. ಅವುಗಳ ಜೊತೆಗೆ, ಹೆಗಲ ಮೇಲೆ ಅಳುವ ಆ ಮುಖವೂ ಬಂತು.

ನೀಲಾಬಾಯಿ ಉರಿಯುವ ಕಡ್ಡಿಯನ್ನು ಬತ್ತಿಯ ಹತ್ತಿರ ಹಿಡಿದು, ಮುಟ್ಟಿಸದೆ, ಇವನ ಕಡೆ ತಿರುಗಿದಳು.

"ನನಗ ತವರ ಅಂದ್ರ ನೀನಽ, ಅಣ್ಣಾ. ನೀ ಬ್ಯಾಡ ಅಂದ್ರ ಊದಿಬಿಡತೀನಿ. ನಿನ್ನ ಬಾಯಿಂದ ಅನ್ನು."

ಕಡ್ಡಿಯ ಬೆಂಕಿ ಕೆಳಗಿಳಿಯುತ್ತ ಆಕೆಯ ಬೆರಳ ಹತ್ತಿರ ಬಂದಿತ್ತು. ಶಿವಯೋಗೆಪ್ಪ ಬಾಯಿ ತೆರೆದ.

ಆಗ ಹೊಸ್ತಿಲ ಆಚೆ ಬಳೆಯ ಸದ್ದಾಯಿತು. ಮದೀನಾಬಿ ಕಟ್ಟೆ ಇಳಿದು ಬಂದು, ತಿಂಗಳಿನ ಮೇಲೆ ಮೊದಲ ಸಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮಾಡದ ಮುಂದೆ ಕಡ್ಡಿ ಹಿಡಿದ ಧಣಿಯಮ್ಮನನ್ನು ಕಂಡು, ದೀಪ ಹಚ್ಚುವ ಹೊತ್ತಿಗೆ ಬಂದೆನಲ್ಲ ಎಂದು ಭಕ್ತಿಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಇವನನ್ನು ಕೇಳಿದಳು.

"ಯಪ್ಪಾ, ನಮ್ಮಂವ ಮನಿಗೆ ಬರತಾನೇನ್ರಿ?"